ಅವಲಂಬನೆಯೂ ವ್ಯಸನವೂ

ಹಿಂದೆ ಮಂಜರಾಬಾದೆಂಬ ಹೆಸರಿದ್ದ ಸಕಲೇಶಪುರದ ಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ಆಲೂರಿನ ಗುಡ್ಡಗಳಲ್ಲಿಯೂ ನೂರೈವತ್ತು ವರ್ಷಗಳಿಗೂ ಮೀರಿ ಕಾಫಿಯನ್ನು ಬೆಳೆಯುತ್ತ ಬಂದಿರುವ ಜನರು, ಆ ಪಾನೀಯಕ್ಕೂ ತಮ್ಮ ದೇಹಕ್ಕೂ ಏರ್ಪಟ್ಟಿರುವ ನಂಟನ್ನು ಯಾವ ಶಾಸ್ತ್ರದ ನೆರವೂ ಇಲ್ಲದೆ ಬಲ್ಲವರಾಗಿದ್ದಾರೆ. ವ್ರತದ ದಿನವೋ ಪ್ರಯಾಣದ ದಿನವೋ ಬೆಳಗಿನ ಲೋಟ ತಪ್ಪಿತೆಂದರೆ, ಹೊತ್ತೇರುತ್ತಿದ್ದಂತೆ ತಲೆ ಸಿಡಿಯತೊಡಗುತ್ತದೆ, ಮೈ ಜಡವಾಗುತ್ತದೆ, ಮಾತು ಬಿರುಸಾಗುತ್ತದೆ. ಕಾಫಿ ಒಳಹೊಕ್ಕ ಮೇಲೆ ಎಲ್ಲವೂ ಶಮನಗೊಳ್ಳುತ್ತದೆ. ಆದರೂ ತೋಟದ ಯಜಮಾನನನ್ನಾಗಲಿ ಲೈನುಮನೆಯ ಆಳನ್ನಾಗಲಿ ಈ ಕಾರಣಕ್ಕಾಗಿ ವ್ಯಸನಿಯೆಂದು ಕರೆದವರಿಲ್ಲ. ಗಾಂಜಾದ ಮಾತು ಬಂದಾಗಲಾದರೋ, ಅದು ಮನುಷ್ಯನನ್ನು ನಿಜವಾದ ವ್ಯಸನಕ್ಕೆ ದೂಡತಕ್ಕದ್ದೆಂದು ಕೆಲವರೂ, ಅದರಿಂದುಂಟಾಗುವುದು ಬರಿಯ ಅವಲಂಬನೆಯೆಂದು ಕೆಲವರೂ ವಾದಿಸುತ್ತಾರೆ. ಈ ವಾದದಲ್ಲಿ ವೈದ್ಯಶಾಸ್ತ್ರ ಹೇಳಬಹುದಾದುದು ಬಹಳವಿದೆ. ಆದರೆ ವಾದಕ್ಕೆ ಆಧಾರವಾದ ಭೇದವು ತತ್ತ್ವಶಾಸ್ತ್ರಕ್ಕೆ ಸೇರಿದುದು.

ಅವಲಂಬನೆಯೆಂಬುದು ಮೂಲತಃ ದೇಹದ ಧರ್ಮ. ಮೆದುಳಿನಲ್ಲಿ ಆಯಾಸವನ್ನೂ ನಿದ್ರೆಯನ್ನೂ ಪ್ರೇರಿಸುವ ಅಡೆನೊಸಿನ್ ಎಂಬ ದ್ರವ್ಯವು ನೆಲೆಗೊಳ್ಳಬೇಕಾದ ಸ್ಥಾನಗಳನ್ನು ಕಾಫಿಯ ಕೆಫೀನು ಆಕ್ರಮಿಸಿಕೊಳ್ಳುತ್ತದೆ. ನಿತ್ಯವೂ ಹೀಗಾಗುತ್ತಿರಲು ಮೆದುಳು ಅದಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಬಳಿಕ ಕೆಫೀನು ಬಾರದೆ ಹೋದರೆ ಆ ಹೊಂದಾಣಿಕೆಯೇ ನೋವಾಗಿ ತೋರುತ್ತದೆ. ಕುಡಿಯುವವನ ಶೀಲಕ್ಕೆ ಸಂಬಂಧಿಸಿದುದು ಇದರಲ್ಲಿ ಏನೂ ಇಲ್ಲ. ಕ್ಯಾನ್ಸರಿನ ವೇದನೆಗೆಂದು ವೈದ್ಯನ ಸೂಚನೆಯಂತೆ ತಿಂಗಳುಗಟ್ಟಲೆ ಮಾರ್ಫೀನ್ ಪಡೆದ ರೋಗಿಯ ದೇಹವೂ ಅದನ್ನು ಅವಲಂಬಿಸುತ್ತದೆ. ಆತ ಅದನ್ನು ಅರಸಿ ಹೋದವನಲ್ಲ, ಅದಕ್ಕಾಗಿ ಮತ್ತೊಂದನ್ನು ತೊರೆದವನೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯದ ಕೈಪಿಡಿಯು, ಕೆಫೀನನ್ನು ಬಿಟ್ಟಾಗಿನ ಬಾಧೆಯನ್ನು ಒಂದು ನಿಶ್ಚಿತ ಸ್ಥಿತಿಯೆಂದು ಅಂಗೀಕರಿಸಿ, ಅದರ ವ್ಯಸನವನ್ನು ಮಾತ್ರ ಮುಂದಿನ ಸಂಶೋಧನೆಗೆ ಬಿಟ್ಟ ವಿಷಯಗಳಲ್ಲಿ ಸೇರಿಸಿದೆ.

ವ್ಯಸನವಾದರೋ ಇಚ್ಛೆಯ ಒಳಗಣ ಬಿರುಕು. ಧರ್ಮರಾಯನ ಮೈಯನ್ನು ಯಾವ ದ್ರವ್ಯವೂ ಹೊಕ್ಕಿರಲಿಲ್ಲ. ಆದರೂ ದ್ಯೂತದ ಹಾಸಿನ ಮುಂದೆ ಅವನು ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಕಡೆಗೆ ದ್ರೌಪದಿಯನ್ನೂ ಒಡ್ಡಿದನು, ಮತ್ತು ಎಲ್ಲವನ್ನೂ ಮರಳಿ ಪಡೆದು ಊರಿಗೆ ಹೊರಟವನು ಎರಡನೆಯ ಕರೆ ಬಂದಾಗ ಕೇಡನ್ನು ಕಾಣುತ್ತಲೇ ಹಿಂದಿರುಗಿದನು. ಹಿರಿಯರ ಮಾತನ್ನು ಮೀರಲಾಗದೆಂಬ ಸಮಾಧಾನವನ್ನು ಅವನು ಹೇಳಿಕೊಂಡದ್ದುಂಟು. ವ್ಯಸನಕ್ಕೆ ಸಿಕ್ಕ ಬುದ್ಧಿಗೆ ಸಮಾಧಾನಗಳ ಕೊರತೆ ಎಂದೂ ಇರದು. ಜೂಜನ್ನು ಮಾದಕಗಳ ವ್ಯಸನದ ಪಕ್ಕದಲ್ಲಿಯೇ ಮೇಲಣ ಕೈಪಿಡಿಯೂ ಇರಿಸಿದೆ.

ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನು, ಮನುಷ್ಯನು ತನಗೆ ಇಷ್ಟವಿಲ್ಲದಿದ್ದರೂ ಯಾರೋ ಬಲವಂತವಾಗಿ ತೊಡಗಿಸಿದವನ ಹಾಗೆ ಪಾಪವನ್ನಾಚರಿಸುವುದು ಏತರಿಂದ ಎಂದು ಕೇಳುತ್ತಾನೆ. ಆ ಪ್ರಶ್ನೆಯೊಳಗಿನ ಒಗಟನ್ನು ನಮ್ಮ ಕಾಲದಲ್ಲಿ ಹ್ಯಾರಿ ಫ್ರಾಂಕ್‌ಫರ್ಟ್ ಎಂಬ ಅಮೆರಿಕದ ತತ್ತ್ವಜ್ಞನು 1971ರ ಪ್ರಬಂಧವೊಂದರಲ್ಲಿ ಬಿಡಿಸಲೆತ್ನಿಸಿದನು. ಪ್ರಾಣಿಗಳಿಗೂ ಬಯಕೆಗಳಿವೆ, ಮನುಷ್ಯನಿಗಾದರೆ ತನ್ನ ಬಯಕೆಗಳನ್ನು ಕುರಿತ ಬಯಕೆಗಳೂ ಉಂಟು, ಎಂದರೆ ಇಂಥ ಆಸೆಯೇ ತನ್ನನ್ನು ನಡಸಬೇಕು, ಇಂಥದು ನಡಸಬಾರದು ಎಂಬ ಸಂಕಲ್ಪವುಂಟು. ಮಾದಕವನ್ನು ಬಯಸುತ್ತಲೇ ಆ ಬಯಕೆ ತನ್ನನ್ನು ಗೆಲ್ಲಬಾರದೆಂದು ಹಾರೈಸಿ ಸೋಲುವವನು ಒಬ್ಬ. ಅದೇ ದಾಸ್ಯವನ್ನು ಮನಸಾರೆ ಒಪ್ಪಿಕೊಂಡವನು ಇನ್ನೊಬ್ಬ. ಯಾವ ಬಯಕೆ ಗೆದ್ದೀತೆಂಬ ವಿಚಾರವೇ ಹುಟ್ಟದೆ ಬಯಕೆಗಳ ಹಿಂದೆ ಹೋಗುವವನು ಮತ್ತೊಬ್ಬ. ಮೂವರ ದೇಹಸ್ಥಿತಿ ಒಂದೇ ಆಗಿದ್ದೀತು. ಆದರೆ ಸ್ವಾತಂತ್ರ್ಯಕ್ಕಾಗಿ ತನ್ನೊಳಗೆ ಹೋರಾಡುತ್ತಿರುವವನು ಮೊದಲನೆಯವನೊಬ್ಬನೇ.

ಇನ್ನು ಗಾಂಜಾ. ಆಂಗ್ಲ ಸರ್ಕಾರವು 1893-94ರಲ್ಲಿ ನಡೆಸಿದ ವಿಚಾರಣೆಯ ಆಯೋಗವು, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಷ್ಟು ಹಾನಿಯಿಲ್ಲವೆಂದೂ ಅತಿಯಾದುದು ಹಾನಿಕರವೆಂದೂ ತೀರ್ಮಾನಿಸಿತ್ತು. ಗಾಂಜಾದ ಸತ್ತ್ವವು ದೇಹದ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಹೋಗುವುದರಿಂದ ಬಿಟ್ಟಾಗಿನ ಬಾಧೆ ಮದ್ಯದಷ್ಟು ಉಗ್ರವಲ್ಲ: ಸಿಡುಕು, ನಿದ್ರಾಭಂಗ, ಊಟ ರುಚಿಸದಿರುವುದು, ಕಲಕಿದ ಕನಸುಗಳು, ಸಾಮಾನ್ಯವಾಗಿ ಎರಡು ವಾರಗಳೊಳಗೆ ಬಹುಮಟ್ಟಿಗೆ ಇಳಿಯುತ್ತವೆ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಗಣನೆಯಂತೆ, ಒಮ್ಮೆಯಾದರೂ ಸೇವಿಸಿದವರ ಪೈಕಿ ಅವಲಂಬಿಗಳಾದವರು ಗಾಂಜಾದಲ್ಲಿ ನೂರಕ್ಕೆ 9, ಮದ್ಯದಲ್ಲಿ 15, ತಂಬಾಕಿನಲ್ಲಿ 32. ತೋಟದ ಕೆಲಸಕ್ಕೆ ಹೊರಟವರ ಎಲೆಯಡಿಕೆಯ ಚೀಲದಲ್ಲಿ ಯಾರ ಆಕ್ಷೇಪಣೆಯೂ ಇಲ್ಲದೆ ಕುಳಿತಿರುವುದು ಈ ಕಡೆಯದೇ ಎಂಬುದನ್ನು ನಾವು ಗಮನಿಸಬೇಕು.

ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಯ ದಿನ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವವರಿದ್ದಾರೆ. ಹಾಗೆ ಸ್ವೀಕರಿಸಿ ವರ್ಷವಿಡೀ ಅದರ ನೆನಪಿಲ್ಲದೆ ದುಡಿಯುವ ಭಕ್ತನನ್ನೂ, ನಾಳೆಯಿಂದ ಬಿಡುವೆನೆಂದು ಪ್ರತಿರಾತ್ರಿ ನಿಶ್ಚಯಿಸಿ ಪ್ರತಿಸಂಜೆ ಅದನ್ನೇ ಹುಡುಕಿ ಹೋಗುವ ತರುಣನನ್ನೂ ಭಾವಿಸಿ ನೋಡಿದರೆ, ಸೊಪ್ಪಿನ ಗುಣವನ್ನಷ್ಟೇ ಶೋಧಿಸಿ ಇಬ್ಬರ ಅಂತರವನ್ನು ತಿಳಿಯಲಾಗದೆಂಬುದು ಸ್ಪಷ್ಟವಾಗುತ್ತದೆ. ಬರಿಯ ಅವಲಂಬನೆ ಎನ್ನುವವರು, ಬಿಟ್ಟಾಗಿನ ದೇಹಬಾಧೆ ಅಲ್ಪವೆಂಬ ಸತ್ಯದಿಂದ ಇಚ್ಛೆಯು ಸ್ವತಂತ್ರವೆಂಬ ಸಲ್ಲದ ನಿಗಮನಕ್ಕೆ ಹಾರುತ್ತಾರೆ. ಆ ತರುಣನಿಗೆ ಇದರಿಂದ ದೊಡ್ಡ ಅನ್ಯಾಯವಾಗುತ್ತದೆ, ಏಕೆಂದರೆ ಬಿಡಲಾರೆನೆಂಬ ಅವನ ಮಾತು ನೆಪವೆಂದು ತಳ್ಳಿಹಾಕಲ್ಪಡುತ್ತದೆ. ಮುಟ್ಟಿದವರೆಲ್ಲ ವ್ಯಸನಿಗಳೆನ್ನುವವರಿಂದ ಆ ಭಕ್ತನಿಗೆ ಅನ್ಯಾಯ.

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1964ರಲ್ಲಿ ವ್ಯಸನ, ರೂಢಿ ಎಂಬ ಹಳೆಯ ವಿಭಾಗವನ್ನು ಕೈಬಿಟ್ಟು ಎಲ್ಲಕ್ಕೂ ಅವಲಂಬನೆಯೆಂಬ ಒಂದೇ ಸಂಜ್ಞೆಯನ್ನಿಟ್ಟರು. ನಮ್ಮ ದೇಶದ 1985ರ ಮಾದಕ ದ್ರವ್ಯಗಳ ಕಾಯಿದೆಯೂ 2001ರ ತಿದ್ದುಪಡಿಯಿಂದೀಚೆಗೆ ವ್ಯಸನಿಯೆಂದರೆ ಅವಲಂಬನೆಯುಳ್ಳವನೆಂದೇ ಹೇಳುತ್ತದೆ. ಆದರೆ ಅದೇ ಕಾಯಿದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಗುರಿಯಾದ ವ್ಯಸನಿಯು ತಾನಾಗಿ ಮುಂದೆ ಬಂದು ಸರ್ಕಾರದ ಮನ್ನಣೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಆ ಆರೋಪದ ಮೊಕದ್ದಮೆ ನಡೆಸಲಾಗದೆನ್ನುವಲ್ಲಿ, ಫ್ರಾಂಕ್‌ಫರ್ಟನ ಮೊದಲನೆಯ ಮನುಷ್ಯನನ್ನು ಗುರುತಿಸಿದೆ. ಚಿಕಿತ್ಸೆಯನ್ನು ಪೂರೈಸದೆ ಬಿಟ್ಟವನಿಂದ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದೆಂಬ ಷರತ್ತೂ ಅಲ್ಲಿಯೇ ಇದೆ. ನಿಶ್ಚಯಿಸಿಯೂ ಮತ್ತೆ ಜಾರುವುದೇ ಆ ಮನುಷ್ಯನ ರೋಗವಾಗಿರುವಾಗ, ಜಾರಿದನೆಂಬ ಒಂದೇ ಕಾರಣಕ್ಕೆ ಆ ಷರತ್ತನ್ನು ಪ್ರಯೋಗಿಸುವುದು ನ್ಯಾಯವಾಗದು. ಘಟ್ಟದಂಚಿನ ಈ ಊರುಗಳಿಂದ ಹಾಸನದ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸಿಗೋ ಎರಡನೆಯ ಸಲ, ಮೂರನೆಯ ಸಲ ಬಂದು ನಿಂತವನು ಇನ್ನೂ ತಾನಾಗಿ ಮುಂದೆ ಬಂದವನೇ ಎಂದು ಎಣಿಸತಕ್ಕದ್ದು.