ಎರಡನೇ ಸೈಟು ಯಾರದ್ದು?

ಬೆಂಗಳೂರಲ್ಲಿ ಸೈಟು ಹುಡುಕುವವರೆಲ್ಲ ಸಮಾಜವಾದಿಗಳೇ. ‘ರೇಟು ಹೀಗೆ ಏರಿದ್ರೆ ಸಂಬಳದವರು ಬದುಕೋದು ಹೇಗ್ರೀ?’ ಅನ್ನುವ ನಮ್ಮ ಸಂಕಟ ನಿಜವಾದದ್ದೇ. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಹೊರಬಂದ ಮಾರನೇ ದಿನವೇ ಪ್ರಶ್ನೆ ಬದಲಾಗುತ್ತದೆ: ‘ಆ ಕಡೆ ಈಗ ಚದರಡಿಗೆ ಎಷ್ಟು ನಡೀತಿದೆ?’

ನಾನೂ ಹೊಸಕೋಟೆಯ ಆಚೆ ಒಂದು 30x40 ಕೊಂಡವನು. ವೈಟ್‌ಫೀಲ್ಡ್ ಎಟುಕಲಿಲ್ಲ, ಕೆ.ಆರ್. ಪುರಂ ಎಟುಕಲಿಲ್ಲ, ಇದು ಎಟುಕಿತು. ಬಾಡಿಗೆ ಮನೆ ಬದಲಿಸಿ ಬದಲಿಸಿ ಸುಸ್ತಾದವರು ಸ್ವಂತದ್ದೊಂದು ಸೂರು ಬಯಸುವುದು ದುರಾಸೆಯಲ್ಲ. ನನ್ನನ್ನು ಕಾಡುವುದು ಕೊಂಡ ಮೇಲಿನ ಕಾಯುವಿಕೆ. ಆ ಲೇಔಟಿನಲ್ಲಿ ಕಲ್ಲು ನೆಟ್ಟ ಸೈಟುಗಳು ಸಾಲುಸಾಲು, ಮನೆಗಳು ಅಲ್ಲೊಂದು ಇಲ್ಲೊಂದು. ರಾಗಿ ಬೆಳೀತಿದ್ದ ನೆಲದಲ್ಲಿ ಈಗ ಪಾರ್ಥೇನಿಯಂ. ಮನೆಗಳಿಲ್ಲ ಅಂತ ಬಸ್ಸು ಬರಲ್ಲ, ಬಸ್ಸಿಲ್ಲ ಅಂತ ಯಾರೂ ಮನೆ ಕಟ್ಟಲ್ಲ.

‘ನನ್ನ ದುಡ್ಡು, ನನ್ನ ಸೈಟು, ಖಾಲಿ ಬಿಟ್ರೆ ಯಾರಿಗೇನು ನಷ್ಟ?’ ಅನ್ನಬಹುದು. ನಷ್ಟ ನಮ್ಮ ಹಿಂದೆ ಬರುವವನಿಗೆ. ನಾವು ಹಿಡಿದಿಟ್ಟಷ್ಟೂ ರೇಟು ಏರುತ್ತದೆ, ಅವನು ಇನ್ನೂ ಆಚೆ ಹೋಗುತ್ತಾನೆ. ಅವನಿಗಾಗಿ ಅಲ್ಲಿ ಮತ್ತೊಂದು ಹೊಲ ಲೇಔಟ್ ಆಗುತ್ತದೆ. ಅವನ ಬೆಳಗು, ಸಂಜೆ ಎರಡೂ ಟ್ರಾಫಿಕ್ಕಿನ ಪಾಲು.

ಬಿಡಿಎ ಸೈಟು ಹಂಚಿಕೆಯ 1984ರ ನಿಯಮಗಳಲ್ಲಿ ಇದಕ್ಕೊಂದು ಉತ್ತರವಿತ್ತು: 10 ವರ್ಷ ಲೀಸ್ ಕಮ್ ಸೇಲ್, ಗಡುವಿನೊಳಗೆ ಮನೆ ಕಟ್ಟಬೇಕೆಂಬ ಷರತ್ತು. ಸೈಟು ಇರೋದು ವಾಸಕ್ಕೆ ಅನ್ನುವ ಸರಳ ನಂಬಿಕೆ ಅದರ ಹಿಂದಿತ್ತು. ಆ ಲೇಔಟುಗಳಲ್ಲೂ ಖಾಲಿ ಸೈಟುಗಳು ಉಳಿದವು, ಆ ಮಾತು ಬೇರೆ. ಖಾಸಗಿ ಲೇಔಟಿನಲ್ಲಂತೂ ಷರತ್ತನ್ನು ನಮಗೆ ನಾವೇ ಹಾಕಿಕೊಳ್ಳಬೇಕು.

ಎಲ್ಲರೂ ನಾಳೆಯೇ ಪಾಯ ತೆಗೀರಿ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ, ಇಎಮ್‌ಐ ಎರಡನ್ನೂ ಕಟ್ಟುತ್ತಿರುವವರ ಕೈಯಲ್ಲಿ ಮನೆ ಕಟ್ಟೋಕೆ ದುಡ್ಡೆಲ್ಲಿ? ನಮ್ಮ ಕೆಲಸಗಳಿಗೆ ಪಿಂಚಣಿ ಇಲ್ಲ, ನಾಳೆ ಇರುತ್ತವೆ ಅನ್ನುವ ಖಾತ್ರಿಯೂ ಇಲ್ಲ. ಒಂದು ಸೈಟು ಆ ಭಯಕ್ಕೆ ಮದ್ದು, ಒಪ್ಪೋಣ.

ನಾನು ಗೆರೆ ಎಳೆಯುವುದು ಎರಡನೆಯದರ ಹತ್ತಿರ. ಬ್ರೋಕರ್ ಫೋನ್ ಮಾಡಿ, ‘ಇನ್ನೊಂದು ತಗೊಂಡಿಡಿ ಸಾರ್, ನಾಕು ವರ್ಷಕ್ಕೆ ಡಬಲ್’ ಅಂತಾರೆ. ಆ ಡಬಲ್ ದುಡ್ಡು ಯಾರ ಜೇಬಿಂದ ಬರುತ್ತೆ ಅಂತ ಒಮ್ಮೆ ಕೇಳಿಕೊಳ್ಳಬೇಕು. ಅದನ್ನು ಕೊಡುವವನು ಇವತ್ತು ಯಾವುದೋ ಬಾಡಿಗೆ ರೂಮಲ್ಲಿ ಕೂತು, ನಾವು ಮೊನ್ನೆ ಹುಡುಕಿದ ಹಾಗೇ ಸೈಟು ಹುಡುಕುತ್ತಿರುತ್ತಾನೆ.