ನಂಬಿ ಇಟ್ಟದ್ದು ಯಾರದು?

ಧಾರವಾಡದ ಒಂದು ವಿದ್ಯಾಸಂಸ್ಥೆಯ ಕಚೇರಿಯಲ್ಲಿ ನನ್ನ ನೌಕರಿಯ ಬದುಕೆಲ್ಲ ಕಳೆಯಿತು. ಈ ವರ್ಷ ನಿವೃತ್ತಿ. ಚಾರ್ಜ್ ಕೊಡುವಾಗ ಬೀರುವಿನ ಕೀಲಿ, ಸೀಲು, ರಸೀತಿ ಪುಸ್ತಕ, ಡೆಡ್‌ಸ್ಟಾಕ್ ರಿಜಿಸ್ಟರು ಇವನ್ನು ಒಪ್ಪಿಸಿ ಸಹಿ ಪಡೆಯುವುದು ಸುಲಭ. ಅವು ಯಾರವು ಎಂದು ಯಾರೂ ಕೇಳುವುದಿಲ್ಲ. ಕೈ ತಡೆದದ್ದು ಇಮೇಲ್ ಹತ್ತಿರ. ನನ್ನೆದುರು ಇರುವುದು ಎರಡು ಮೇಲ್‌ಬಾಕ್ಸ್. ಒಂದು ನನ್ನ ಹೆಸರಿನದು, ಇನ್ನೊಂದು ಕಚೇರಿಯ ಹೆಸರಿನ ಶೇರ್ಡ್ ಮೇಲ್‌ಬಾಕ್ಸ್. ಎರಡನೆಯದನ್ನು ಕಚೇರಿಯ ಹಲವರು ತೆರೆಯುತ್ತೇವೆ. ಔಟ್‌ಲುಕ್‌ನ ಎಡಬದಿಯಲ್ಲಿ ಎರಡೂ ಮೇಲೊಂದು ಕೆಳಗೊಂದು ಕಾಣುತ್ತವೆ. ಒಂದರ ಫೋಲ್ಡರನ್ನು ಹಿಡಿದೆಳೆದು ಇನ್ನೊಂದರಲ್ಲಿ ಬಿಟ್ಟರೆ ಒಳಗಿನ ಉಪಫೋಲ್ಡರುಗಳ ಸಮೇತ ಹೋಗಿ ಕೂರುತ್ತದೆ. ವರ್ಷಗಳಿಂದ ಎರಡೂ ಒಂದರೊಳಗೊಂದು ಬೆರೆತುಹೋಗಿವೆ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ, “ಬೇಕಾದ್ದು ಆ ಕಡೆ ಎಳಕೊಳ್ರಿ ಮೇಡಮ್ಮರ, ಉಳಿದದ್ದು ಇಲ್ಲೇ ಬಿಡ್ರಿ, ಮುಗೀತು” ಅಂದ. ಅವನ ಮಟ್ಟಿಗೆ ಅದು ನಿಜ. ನನಗೆ ಮಾತ್ರ ಒಂದೊಂದು ಫೋಲ್ಡರೂ ಇದು ಯಾರದು ಎಂದು ಕೇಳತೊಡಗಿತು. ಆ ಪ್ರಶ್ನೆಗೆ ಕಂಪ್ಯೂಟರಿನಲ್ಲಿ ಉತ್ತರವಿರಲಿಲ್ಲ. ಎಂ.ಎ.ಯಲ್ಲಿ ಓದಿ ಬದಿಗಿಟ್ಟಿದ್ದ ಧರ್ಮಶಾಸ್ತ್ರದ ಪುಸ್ತಕಗಳನ್ನು ಮತ್ತೆ ತೆಗೆದೆ.

ಮೊದಲು ಈ ಯಂತ್ರದ ನಡೆಯನ್ನೇ ಸ್ವಲ್ಪ ಹೇಳಬೇಕು, ಯಾಕೆಂದರೆ ಅದರಲ್ಲೇ ವಿಚಾರಕ್ಕೆ ಬೇಕಾದಷ್ಟು ಇದೆ. ಶೇರ್ಡ್ ಮೇಲ್‌ಬಾಕ್ಸಿಗೆಂದೇ ಬೇರೆ ಪಾಸ್‌ವರ್ಡ್ ಹಾಕಿ ಯಾರೂ ಒಳಗೆ ಹೋಗುವುದಿಲ್ಲ; ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯ ಮೂಲಕವೇ ಅದರೊಳಗೆ ಕಾಲಿಡಬೇಕು. ಅಲ್ಲಿನ ಒಂದು ಪತ್ರವನ್ನು ಒಬ್ಬರು ತೆರೆದರೆ ಎಲ್ಲರಿಗೂ ಅದು ಓದಿದ್ದೆಂದೇ ತೋರುತ್ತದೆ. ನಾನು ಕಚೇರಿಯ ಹೆಸರಿನಲ್ಲಿ ಉತ್ತರ ಬರೆದರೆ, ಸೆಟ್ಟಿಂಗ್ ಬದಲಿಸದ ಹೊರತು, ಅದರ ಪ್ರತಿ ಉಳಿಯುವುದು ನನ್ನ ಖಾತೆಯ ಸೆಂಟ್ ಐಟಮ್ಸ್‌ನಲ್ಲಿ. ನಾವು ಬಳಸುವ ಹಳೆಯ ಔಟ್‌ಲುಕ್‌ನಲ್ಲಿ ಹಂಚಿಕೆಯ ಪೆಟ್ಟಿಗೆಯಿಂದ ನಾನು ಅಳಿಸಿದ್ದು ಬಂದು ಬೀಳುವುದೂ ನನ್ನದೇ ಡಿಲೀಟೆಡ್ ಐಟಮ್ಸ್‌ನಲ್ಲಿ. ಮಾಡಿದ್ದು ಎಲ್ಲರ ಹೆಸರಿನಲ್ಲಿ, ಅದರ ಗುರುತು ಮಾತ್ರ ಮಾಡಿದವಳ ಹತ್ತಿರ. ಕರ್ಮದ ಲೆಕ್ಕ ಇಡುವವರು ಒಪ್ಪುವಂಥ ವ್ಯವಸ್ಥೆಯೇ ಇದು. ಆದರೆ ಒಡೆತನದ ಲೆಕ್ಕಕ್ಕೆ ಇದು ಸಾಲದು. ಪ್ರತಿ ನನ್ನಲ್ಲಿದೆ ಎಂದ ಮಾತ್ರಕ್ಕೆ ಪತ್ರ ನನ್ನದಾಗುತ್ತದೆಯೆ?

ನನ್ನ ಹೆಸರಿನ ಖಾತೆಯಲ್ಲೇ ಬಿಟ್ಟುಹೋದರೆ ಸಾಕಲ್ಲವೆ ಎನ್ನಬಹುದು. ನಿವೃತ್ತರ ಲೈಸೆನ್ಸ್ ತೆಗೆದ ಮೇಲೆ ಮೇಲ್‌ಬಾಕ್ಸ್ 30 ದಿನ ಇರುತ್ತದೆ, ಆಮೇಲೆ ಇಲ್ಲವಾಗುತ್ತದೆ. ಸುಮ್ಮನೆ ಬಿಡುವುದೂ ಒಂದು ತೀರ್ಮಾನವೇ.

ಕಚೇರಿಗಾಗಿ ನಾನೇ ಬರೆದ ಪತ್ರಗಳದ್ದು ಒಂದು ದೊಡ್ಡ ಫೋಲ್ಡರು: ಅನುದಾನದ ವ್ಯವಹಾರ, ಮಾನ್ಯತೆ ನವೀಕರಣ, ಹಾಸ್ಟೆಲಿನ ನಿಯಮಗಳ ಕರಡು. ಒಂದೊಂದು ವಾಕ್ಯಕ್ಕೂ ರಾತ್ರಿ ಕೂತು ಯೋಚಿಸಿದ್ದೇನೆ. ನಮ್ಮ ಲೆಕ್ಕಪತ್ರ ವಿಭಾಗದವರೊಬ್ಬರು ಮನೆಯ ಪಾಲಿನ ದಾವೆಯಲ್ಲಿ ಕೋರ್ಟು ಹತ್ತಿಳಿದು ಕಾಯ್ದೆ ಬಲ್ಲವರು. “ಕಲಿತ ವಿದ್ಯಾದಿಂದ ಗಳಿಸಿದ್ದು ಪಾಲಿಗೆ ಬರೂದಿಲ್ರಿ ಮೇಡಮ್ಮರ. ನೀವು ಬರದದ್ದು ನಿಮ್ಮದ. ಎಳಕೊಂಡು ಹೋಗ್ರಿ” ಎಂದರು. ಮಾತಿನಲ್ಲಿ ಹುರುಳಿದೆ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ, ತಂದೆಯ ಸೊತ್ತಿಗೆ ಧಕ್ಕೆಯಾಗದಂತೆ ವಿದ್ಯೆಯಿಂದ ಗಳಿಸಿದ್ದನ್ನು ಅಣ್ಣತಮ್ಮಂದಿರಿಗೆ ಪಾಲು ಮಾಡಬೇಕಿಲ್ಲ ಎನ್ನುತ್ತಾನೆ. 1930ರ ಕಾಯ್ದೆ ಇನ್ನೂ ಮುಂದೆ ಹೋಗಿ, ಮನೆತನದ ಹಣದಿಂದ ಓದಿದ್ದರೂ ಆ ಗಳಿಕೆ ಸ್ವಂತದ್ದೇ ಎಂದಿತು. ಆದರೆ ನನ್ನ ವಿದ್ಯೆಯ ಗಳಿಕೆ ಯಾವುದು? ಸಂಬಳ. ಅದು ನನ್ನ ಬ್ಯಾಂಕ್ ಖಾತೆಯಲ್ಲಿದೆ, ಅದಕ್ಕೆ ಯಾರೂ ಪಾಲು ಕೇಳಿಲ್ಲ. ಪತ್ರ ಗಳಿಕೆಯಲ್ಲ, ಕೊಟ್ಟ ವಸ್ತು.

ಕೊಟ್ಟ ವಸ್ತುವಿನ ವಿಚಾರದಲ್ಲಿ ನಮ್ಮ ಶಾಸ್ತ್ರಕಾರರಿಗೆ ಗೊಂದಲವಿಲ್ಲ. ಕೆರೆ ಕಟ್ಟಿಸಿದವನು ಅದನ್ನು ಎಲ್ಲ ಜೀವಿಗಳಿಗೆಂದು ಉತ್ಸರ್ಗ ಮಾಡಿದ ಮೇಲೆ ಅವನ ಒಡೆತನ ಅಲ್ಲಿಗೆ ಮುಗಿಯಿತು. ಉಳಿದವರಂತೆ ಅವನೂ ಅಲ್ಲಿ ಮೀಯಬಹುದು, ನೀರು ಕುಡಿಯಬಹುದು, ಅಷ್ಟೆ. ನಮ್ಮ ನಾಡಿನ ದಾನಶಾಸನಗಳ ಕೊನೆಗೆ ಮತ್ತೆ ಮತ್ತೆ ಬರುವ ಶಾಪಾಶಯವೂ ಇದನ್ನೇ ಹೇಳುತ್ತದೆ. ಬೇರೆಯವರು ಕೊಟ್ಟ ಭೂಮಿಯನ್ನು ಕಸಿದವನಿಗೆ ಮಾತ್ರವಲ್ಲ, ತಾನೇ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡವನಿಗೂ ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವ ಶಿಕ್ಷೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಆ ನಿಷ್ಠುರತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತಾನೇ ಕೊಟ್ಟದ್ದರ ಮೇಲೆ ಮನುಷ್ಯನಿಗೆ ಮಮಕಾರ ಹೆಚ್ಚು. ಹಿಂದಕ್ಕೆ ಎಳೆದುಕೊಳ್ಳುವ ಕೈಯೂ ಹೆಚ್ಚಾಗಿ ಅದೇ. ಆ ಫೋಲ್ಡರನ್ನು ಹಂಚಿಕೆಯ ಪೆಟ್ಟಿಗೆಯಲ್ಲೇ ಬಿಟ್ಟೆ. ನನ್ನ ಸೆಂಟ್ ಐಟಮ್ಸ್‌ನಲ್ಲಿ ಸಿಕ್ಕಿಕೊಂಡಿದ್ದ ಉತ್ತರಗಳನ್ನೂ ಆರಿಸಿ ಅಲ್ಲಿಗೇ ಸಾಗಿಸಿದೆ. ಇದರಲ್ಲಿ ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹೊತ್ತು ಹಿಡಿದದ್ದು ಹುಡುಗಿಯರ ಪತ್ರಗಳಿಗೆ.

ನಮ್ಮ ಹಾಸ್ಟೆಲಿಗೆ ಬರುವವರು ಸುತ್ತಲಿನ ಹಳ್ಳಿಗಳಿಂದ. ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾದ ಇಮೇಲ್ ವಿಳಾಸ ಒಂದೇ, ಕಚೇರಿಯದು. ಹೇಳಿಕೊಳ್ಳಲು ಬೇರೆ ಜಾಗವಿಲ್ಲದವರು ಅದಕ್ಕೇ ಬರೆಯುತ್ತಾರೆ. ಮನೆಯಲ್ಲಿ ಓದು ಬಿಡಿಸಿ ಮದುವೆ ಮಾಡುತ್ತಿದ್ದಾರೆ, ನನ್ನ ಮಾರ್ಕ್ಸ್‌ಕಾರ್ಡ್ ಅಂಚೆಯಲ್ಲಿ ಊರಿಗೆ ಕಳಿಸಬೇಡಿ ಎಂದು ಒಬ್ಬಳು. ಅಪ್ಪನ ಕುಡಿತದಿಂದ ಫೀ ಕಟ್ಟಲಾಗಿಲ್ಲ, ಕಾರಣ ಮಾತ್ರ ನೋಟೀಸ್ ಬೋರ್ಡಿಗೆ ಬರಬಾರದು ಎಂದು ಇನ್ನೊಬ್ಬಳು. ಪತ್ರದ ಮೇಲೆ ಕಚೇರಿಯ ವಿಳಾಸವಿದ್ದರೂ ಒಳಗೆ “ಮೇಡಮ್ಮರ, ನಿಮಗಷ್ಟೇ ಹೇಳ್ತೇನಿ” ಎಂದಿರುತ್ತದೆ. ಇಂಥವು ಹಂಚಿಕೆಯ ಪೆಟ್ಟಿಗೆಯಲ್ಲೂ ಇವೆ, ಆಮೇಲಿನ ಮಾತುಕತೆಯಿಂದಾಗಿ ನನ್ನದರಲ್ಲೂ ಇವೆ. ಇವು ಸಂಸ್ಥೆಯವೆ? ನಾಳೆ ಕಚೇರಿಗೆ ಸೇರುವ ಯಾರು ಬೇಕಾದರೂ ಕೂತು ಓದಬಹುದಾದವೆ? ಹಾಗಲ್ಲವಾದರೆ ನನ್ನವೆ, ನನ್ನ ಸ್ವಂತ ಜಿಮೇಲ್‌ಗೆ ಕಳಿಸಿಕೊಂಡು ಮನೆಗೆ ಒಯ್ಯಬಹುದಾದವೆ?

ತ್ಯಾಗದ ಬಗ್ಗೆ ನಾವು ಕೇಳುತ್ತ ಬಂದ ಪ್ರವಚನಗಳಲ್ಲಿ ‘ನನ್ನದು’ ಎಂಬುದು ಬಂಧನ, ‘ಎಲ್ಲರದು’ ಎಂಬುದು ಬಿಡುಗಡೆ. ಈ ಪತ್ರಗಳ ಮುಂದೆ ಕೂತಾಗ ಆ ಮಾತು ಅರ್ಧ ಎಂದು ನನಗೆ ಅನ್ನಿಸಿತು. ಇದ್ದದ್ದನ್ನೆಲ್ಲ ಹಂಚಿಕೆಯ ಪೆಟ್ಟಿಗೆಗೆ ಸುರಿದು ಬರಿಗೈಯಲ್ಲಿ ಹೊರಬೀಳುವುದು ನೋಡಲು ವೈರಾಗ್ಯದಂತಿರುತ್ತದೆ. ಆದರೆ ಹಾಗೆ ಸುರಿದದ್ದು ಇನ್ನೊಬ್ಬಳ ಗುಟ್ಟು. ನನ್ನದಲ್ಲದ್ದನ್ನು ತ್ಯಾಗ ಮಾಡಿ ಪುಣ್ಯ ಪಡೆಯಲು ನಾನು ಯಾರು?

ಯಾಜ್ಞವಲ್ಕ್ಯನಲ್ಲಿ ಇದಕ್ಕೆ ಒಂದು ಜಾಗವಿದೆ. ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು, ನಂಬಿಕೆಯಿಂದ ಇನ್ನೊಬ್ಬರ ಕೈಗೆ ಕೊಟ್ಟ ವಸ್ತು ಉಪನಿಧಿ. ಅದನ್ನು ಹೇಗೆ ಕೊಟ್ಟಿದ್ದರೋ ಹಾಗೆಯೇ ಹಿಂದಿರುಗಿಸಬೇಕು. ಎಣಿಸಿ, ತೋರಿಸಿ ಕೊಟ್ಟರೆ ಅದು ನಿಕ್ಷೇಪ. ಮನು ವ್ಯವಹಾರದ ಹದಿನೆಂಟು ಪದಗಳನ್ನು ಎಣಿಸುವಾಗ ಸಾಲದ ಬೆನ್ನಿಗೇ ಎರಡನೆಯದಾಗಿ ಇಡುವುದು ನಿಕ್ಷೇಪವನ್ನು. ಇಟ್ಟುಕೊಂಡವನು ಅದನ್ನು ಬಳಸುವಂತಿಲ್ಲ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಹೋದರೆ ಅವನ ತಪ್ಪಿಲ್ಲ. ಮಿಕ್ಕಂತೆ ಹೊಣೆ ಅವನದೇ. ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಟ್ಟವರು ಬದುಕಿರುವಾಗ ಅದನ್ನು ಅವರ ಹತ್ತಿರದ ವಾರಸುದಾರರಿಗೂ ಕೊಡಬಾರದು ಎನ್ನುತ್ತಾನೆ ಮನು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಯ ತಂದೆ ಕಚೇರಿಗೆ ಬಂದು, “ನನ್ನ ಮಗಳು ನಿಮಗ ಏನು ಬರದಾಳ, ತೋರಸ್ರಿ” ಎಂದು ನನ್ನೆದುರು ಕೂತಿದ್ದರು. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು. “ಅಕಿ ಕೇಳಿದ್ರ ಅಕಿ ಕೈಯಾಗ ಕೊಡ್ತೇನ್ರಿ ಯಜಮಾನ್ರ” ಎಂದಷ್ಟೇ ಹೇಳಿ ಚಹಾ ತರಿಸಿದೆ. ಅಂದು ನಾನು ಅಲ್ಲಿರದೆ, ಆ ಪೆಟ್ಟಿಗೆ ತೆರೆಯಬಲ್ಲ ಬೇರೊಬ್ಬರು ಅವರ ಕಣ್ಣೀರಿಗೆ ಕರಗಿದ್ದರೆ ಆ ಹುಡುಗಿಯ ಓದು ಅಲ್ಲಿಗೆ ನಿಲ್ಲುತ್ತಿತ್ತು.

ನಾರದ ಸ್ಮೃತಿಯಲ್ಲಿ, ಕಷ್ಟಕಾಲದಲ್ಲೂ ಯಾರಿಗೂ ಕೊಡಬಾರದ ವಸ್ತುಗಳ ಪಟ್ಟಿ ಇದೆ. ಅದರಲ್ಲಿ ಹಂಚಿಕೆಯ ಸೊತ್ತೂ ಇದೆ, ನಂಬಿ ಇಟ್ಟದ್ದೂ ಇದೆ, ಒಂದೇ ಸಾಲಿನಲ್ಲಿ. ಆ ಸಾಲನ್ನು ಓದಿದ ದಿನ ನನ್ನ ಎರಡೂ ಫೋಲ್ಡರುಗಳ ಗಂಟು ಬಿಚ್ಚಿತು. ನಾನು ಬರೆದದ್ದನ್ನು ಮನೆಗೆ ಒಯ್ಯುವುದು ಎಷ್ಟು ತಪ್ಪೋ, ಹುಡುಗಿಯರು ಬರೆದದ್ದನ್ನು ಎಲ್ಲರೆದುರು ಬಿಟ್ಟುಹೋಗುವುದೂ ಅಷ್ಟೇ ತಪ್ಪು. ನನ್ನದು, ನಮ್ಮದು ಎಂಬ ಎರಡರ ಆಚೆ ನಮ್ಮಲ್ಲಿರುವ, ನಮ್ಮದಲ್ಲದ ಮೂರನೆಯದೊಂದಿದೆ. ಮೇಲ್‌ಬಾಕ್ಸ್ ಮಾಡಿದವರು ಎರಡಕ್ಕೆ ಜಾಗ ಮಾಡಿದ್ದಾರೆ. ಪೂರ್ಣ ಪ್ರವೇಶದ ಅನುಮತಿ ಇದ್ದವರಿಗೆ ಹಂಚಿಕೆಯ ಪೆಟ್ಟಿಗೆಯ ಎಲ್ಲ ಫೋಲ್ಡರುಗಳೂ ತೆರೆಯುತ್ತವೆ, ಒಂದನ್ನು ಮಾತ್ರ ಬೀಗ ಹಾಕಿ ಇಡಲು ಬರುವುದಿಲ್ಲ. ಹಾಗಾಗಿ ಮೂರನೆಯದನ್ನು ಕಾಯುವ ಕೆಲಸ ಮನುಷ್ಯರ ಪಾಲಿಗೇ ಬಂತು.

ದಾಖಲೆಯ ಹಕ್ಕು ಸಂಸ್ಥೆಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಫೀ ಮನ್ನಾ ಆಯಿತು, ಮಾರ್ಕ್ಸ್‌ಕಾರ್ಡ್ ಖುದ್ದು ಕೊಡಲಾಯಿತು ಎಂಬ ಆದೇಶಗಳು ಆಡಿಟ್‌ಗೆ ಬೇಕು. ಅವು ಅಲ್ಲೇ ಇವೆ. ಯಾಕೆ ಎಂದು ಹುಡುಗಿ ತನ್ನ ಬಾಯಲ್ಲಿ ಹೇಳಿಕೊಂಡದ್ದು ಆಡಿಟ್‌ಗೆ ಬೇಡ. ಪ್ರಾಂಶುಪಾಲರ ಲಿಖಿತ ಒಪ್ಪಿಗೆ ಪಡೆದು ಅಂಥ ಪತ್ರಗಳನ್ನು ಬೇರೆಯಾಗಿ ಒಂದು ಫೋಲ್ಡರಿನಲ್ಲಿ ಕೂಡಿಸಿ, ಬರೆದವರಿಗೆ ಒಬ್ಬೊಬ್ಬರಿಗೇ ತಿಳಿಸಿದೆ: ನಿಮ್ಮ ಕಾಗದ ಇನ್ನೂ ನಮ್ಮಲ್ಲಿದೆ, ನಾನು ಹೋಗುತ್ತಿದ್ದೇನೆ, ಏನು ಮಾಡಲಿ ಹೇಳಿ.

ಒಬ್ಬಳು ಈಗ ಹಾವೇರಿ ಕಡೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳು ಫೋನನ್ನೇ ಮಾಡಿದಳು. “ಅದನ್ನ ನನಗ ಕಳಸ್ರಿ, ನಾನೇನು ಬರದಿದ್ನಿ ನನಗ ನೆನಪಿಲ್ಲ, ಓದಬೇಕು. ಆಮ್ಯಾಲೆ ಅಲ್ಲಿಂದ ತಗದುಬಿಡ್ರಿ” ಎಂದಳು. ಕಳಿಸಿದೆ, ತೆಗೆದೆ. ತೆಗೆದದ್ದು ನನ್ನ ಡಿಲೀಟೆಡ್ ಐಟಮ್ಸ್‌ಗೆ ಬಂತು, ಅಲ್ಲಿಂದಲೂ ತೆಗೆದೆ. ಆಮೇಲೂ 14 ದಿನ ಅದನ್ನು ಮರಳಿ ಪಡೆಯುವ ದಾರಿ ತೆರೆದಿರುತ್ತದೆ ಎಂದು ಅವಳಿಗೆ ತಿಳಿಸಿದೆ. ಪೂರ್ತಿ ಹೋಗದೆ ಹೋಯಿತು ಎನ್ನುವುದು ಸರಿಯಲ್ಲ. ಇನ್ನೊಬ್ಬಳು ಅಲ್ಲೇ ಇರಲಿ ಎಂದಳು, ತನ್ನಂಥವಳೊಬ್ಬಳು ಬಂದಾಗ ಕಚೇರಿಯವರಿಗೆ ಏನು ಮಾಡಿದ್ದೆವೆಂದು ತಿಳಿಯಲಿ ಎಂದು, ಹೆಸರು ತೆಗೆದು. ಹೆಸರು ತೆಗೆದ ಪ್ರತಿಯನ್ನು ಕಚೇರಿಯ ಫೋಲ್ಡರಿಗೆ ಸೇರಿಸಿದೆ. ಹಾಗೆ ಅದು ಎಲ್ಲರದಾದದ್ದು ಅವಳು ಕೊಟ್ಟಿದ್ದರಿಂದ.

ಹಲವರ ವಿಳಾಸ ಈಗ ನಡೆಯುತ್ತಿಲ್ಲ. ಕಳಿಸಿದ ಪತ್ರ ತಿರುಗಿ ಬಂತು. ಮದುವೆಯಾಗಿ ಊರು ಬದಲಾಗಿದೆ, ಫೋನ್ ನಂಬರ್ ಬದಲಾಗಿದೆ. ನನ್ನ ಜಾಗಕ್ಕೆ ಬರುವಾಕೆ ಚುರುಕಿನ ಹೆಣ್ಣುಮಗಳು. ಅವುಗಳನ್ನೆಲ್ಲ ಅಳಿಸಿಬಿಡುವುದೇ ಮರ್ಯಾದೆಯ ಕೆಲಸ ಎಂಬುದು ಅವಳ ವಾದ. “ಯಾರರೆ ತಗದು ನೋಡಿದ್ರ ಏನ್ಮಾಡೂದ್ರಿ ಅಕ್ಕಾರ?” ನಾನು ಒಪ್ಪಲಿಲ್ಲ. ಇಟ್ಟುಕೊಂಡವರಿಗೆ ಬಳಸುವ ಹಕ್ಕು ಹೇಗಿಲ್ಲವೋ ನಾಶ ಮಾಡುವ ಹಕ್ಕೂ ಇಲ್ಲ. ಯಾವಾಗಲೋ ಒಬ್ಬಳಿಗೆ, ನಾನು ಅಂದೇ ಹೀಗೆಂದು ಬರೆದಿದ್ದೆ ಎಂದು ಕೋರ್ಟಿನಲ್ಲಿ ಹೇಳಬೇಕಾಗಿ ಬಂದರೆ, ಆ ಕಾಗದದ ಬೆಲೆ ಅವಳಿಗೆ ಗೊತ್ತು, ನಮಗಲ್ಲ. ಹಾಗಾದರೆ ಎಷ್ಟು ವರ್ಷ ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಲೆಕ್ಕವಿರಲಿಲ್ಲ. ಚಾರ್ಜ್ ಪಟ್ಟಿಯಲ್ಲಿ ಕೀಲಿ, ಸೀಲುಗಳ ಕೆಳಗೆ ಆ ಫೋಲ್ಡರಿನ ಹೆಸರು ಬರೆದು, ಬರೆದವರೇ ಕೇಳಿದ ಹೊರತು ತೆರೆಯತಕ್ಕದ್ದಲ್ಲ ಎಂದು ಸೇರಿಸಿದೆ. ಅವಳು ಎರಡು ಸಲ ಓದಿದಳು, ‘ಮುಂದಿನವರಿಗೂ ಇದೇ ಷರತ್ತಿನ ಮೇಲೆ ಒಪ್ಪಿಸತಕ್ಕದ್ದು’ ಎಂದು ತಾನೇ ಒಂದು ಸಾಲು ಕೂಡಿಸಿ ಸಹಿ ಹಾಕಿದಳು.