ಬೀಗ ಯಾರಿಗೆ?

ಕನ್ನಡ ಶಾಲೆಯ ಮಕ್ಕಳಿಗಾಗಿ ನಾವು ತಯಾರಿಸಿದ ಪವರ್‌ಪಾಯಿಂಟ್ ಪಾಠಗಳಿಗೆ ಪಾಸ್‌ವರ್ಡ್ ಹಾಕಬೇಕೇ? ಈ ಪ್ರಶ್ನೆ ನಮ್ಮನ್ನು ಬಹಳ ಕಾಡಿತು. ರಾತ್ರಿಯೆಲ್ಲ ಕೂತು ಮಾಡಿದ ಪಾಠ ಬೇರೆ ಊರಿನಲ್ಲಿ, ಬೇರೆಯವರ ಹೆಸರಿನಲ್ಲಿ, ತಪ್ಪು ಕಾಗುಣಿತದೊಡನೆ ಕಂಡಾಗ ಹೊಟ್ಟೆ ಉರಿಯದೆ ಇರುತ್ತದೆಯೇ?

ಬೀಗಗಳು ಎರಡು ಬಗೆ. ತೆರೆಯುವುದಕ್ಕೇ ಪಾಸ್‌ವರ್ಡ್ ಇಟ್ಟು ಅದನ್ನು ಮರೆತರೆ ಪಾಠ ನಮಗೂ ಇಲ್ಲ, ಮಕ್ಕಳಿಗೂ ಇಲ್ಲ. ಒಮ್ಮೆ ನಮಗೆ ಹಾಗೆಯೇ ಆಯಿತು. ತಿದ್ದುವುದಕ್ಕೆ ಮಾತ್ರ ಇಟ್ಟರೆ ಎಲ್ಲರೂ ಓದಬಹುದು. ಆದರೆ ತೆರೆಯ ಮೇಲೆ ಕಂಡದ್ದರ ಫೋಟೋ ತೆಗೆಯುವವರನ್ನು ಯಾವ ಬೀಗವೂ ತಡೆಯದು.

10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. ಆಕೆಗೆ ನಕಲು ಮಾಡಿಸುವುದೇ ದಾನವಾಗಿತ್ತು. ಆದರೂ ಕಾವ್ಯ ಪೊನ್ನನದಾಗಿಯೇ ಉಳಿಯಿತು. ಯೋಚಿಸಿದರೆ, ನಮ್ಮನ್ನು ನೋಯಿಸಿದ್ದೂ ನಕಲಲ್ಲ. ಹೆಸರು ಅಳಿಸಿದ್ದು, ತಪ್ಪು ಸೇರಿಸಿದ್ದು.

ಆದ್ದರಿಂದ ಓದುವುದಕ್ಕೆ ಬೀಗವಿಲ್ಲ, ತಿದ್ದುವುದಕ್ಕೆ ಮಾತ್ರ ಇಟ್ಟಿದ್ದೇವೆ. ಪಾಸ್‌ವರ್ಡನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಕೇಳಿದವರಿಗೆ ಕೊಡುತ್ತೇವೆ. ಪಾಠ ಮಾಡಿದವರ ಹೆಸರು ಅಳಿಸಬೇಡಿ. ತಿದ್ದಿದರೆ ನಿಮ್ಮ ಹೆಸರನ್ನೂ ಸೇರಿಸಿ. ಮಕ್ಕಳು ಅಕ್ಷರದ ಜೊತೆಗೆ ಅದನ್ನೂ ನಮ್ಮಿಂದಲೇ ಕಲಿಯಬೇಕಲ್ಲವೇ?